ಅತ್ತೆಯ ಚೀಲಕ್ಕೊಂದು ಲ್ಯಾಪ್‌ಟಾಪ್

"ಎತ್ತಿ ನೋಡು ಅತ್ತೆ, ಒಂದೇ ಕೈಯಲ್ಲಿ ಎತ್ತಬಹುದು," ಎನ್ನುತ್ತಾ ಹುಡುಗಿ ಪಿಟೀಲು ಲ್ಯಾಪ್‌ಟಾಪನ್ನು ಅತ್ತೆಯ ಕೈಗೆ ಕೊಟ್ಟಳು.

ಅತ್ತೆ ಎತ್ತಿ ನೋಡಲಿಲ್ಲ. ಹೆಗಲ ಮೇಲಿದ್ದ ದೊಡ್ಡ ಚರ್ಮದ ಚೀಲದ ಬಾಯಿ ತೆರೆದಳು, ಲ್ಯಾಪ್‌ಟಾಪನ್ನು ಅದರೊಳಗೆ ಇಳಿಸಿದಳು, ಬೆಲ್ಟ್ ಬಿಗಿದಳು, ಅಂಗಡಿಯ ಉದ್ದಕ್ಕೂ ನಡೆದೇಬಿಟ್ಟಳು. ಟಿವಿಗಳ ಸಾಲು ದಾಟಿ ವಾಷಿಂಗ್ ಮಷಿನ್‌ಗಳ ಹತ್ತಿರ ತಿರುಗಿದಳು. "ಮೇಡಂ, ಇನ್ನೂ ಬಿಲ್ ಆಗಿಲ್ಲ," ಎನ್ನುತ್ತಾ ಅಂಗಡಿಯಣ್ಣ ಅವಳ ಹಿಂದೆಯೇ ಓಡಿದ.

"ಎಲ್ಲೂ ಓಡಿಹೋಗಲ್ಲಪ್ಪ. ಈ ಚೀಲ ಹೊತ್ಕೊಂಡು ನಡೆಯೋದೇ ಕಷ್ಟ," ಎಂದಳು ಅತ್ತೆ. "ಕೈಯಲ್ಲಿ ಎಲ್ಲಾನೂ ಹಗುರಾನೇ. ಹೆಗಲು ಏನು ಹೇಳುತ್ತೆ ಅಂತ ಕೇಳ್ಬೇಕಲ್ಲ."

ಪಿಟೀಲಿಗೆ ಶಾಲೆಯಲ್ಲಿ ಬೇರೆ ಹೆಸರಿತ್ತು. ಈ ಹೆಸರನ್ನು ಇಟ್ಟವಳು ಈ ಸೋದರತ್ತೆಯೇ. ಬೇಕೆಂದದ್ದು ಸಿಗುವ ತನಕ ಹುಡುಗಿ ಒಂದೇ ಸಮನೆ ಪಿಟೀಲು ಕುಯ್ಯುತ್ತಾಳೆ ಎಂದು ಚಿಕ್ಕಂದಿನಲ್ಲಿ ಹಾಗೆ ಕರೆದಿದ್ದಳು. ಅದೇ ಅಂಟಿಕೊಂಡಿತು.

ಅತ್ತೆಯದು ಊರೂರು ಸುತ್ತುವ ಕೆಲಸ. ಶಾಲೆಗಳಲ್ಲಿ, ಸಭಾಂಗಣಗಳಲ್ಲಿ, ಕೆಲವರ ಮನೆಗಳಲ್ಲಿ ಇರುವ ಪಿಯಾನೋಗಳಿಗೆ ಅವಳು ಶ್ರುತಿ ಮಾಡುತ್ತಾಳೆ. ಪಿಯಾನೋದ ಒಳಗೆ ಸಾಲಾಗಿ ತಂತಿಗಳಿರುತ್ತವೆ. ದಿನ ಕಳೆದಂತೆ ಅವು ಸಡಿಲವಾಗುತ್ತವೆ, ಸ್ವರ ಕೆಡುತ್ತದೆ. ಅತ್ತೆ ಬಸ್ಸು, ರೈಲು ಹತ್ತಿ ಹೋಗಿ ಅವನ್ನು ಸರಿಮಾಡಿ ಬರುತ್ತಾಳೆ. ತಂತಿ ಬಿಗಿಯುವ ಉದ್ದ ಹಿಡಿಯ ಕೀಲಿ, ಇಕ್ಕಳ, ಸುತ್ತಿಗೆ, ತಂತಿಯ ಸುರುಳಿ, ಎಲ್ಲವೂ ಆ ಚೀಲದಲ್ಲೇ.

ಯಾವ ಪಿಯಾನೋಗೆ ಏನಾಗಿತ್ತು, ಏನು ಸರಿಮಾಡಿದೆ ಎನ್ನುವುದನ್ನು ಇಷ್ಟು ದಿನ ಅವಳು ಫೋನಿನಲ್ಲಿ ಹೇಳುತ್ತಿದ್ದಳು. ಮನೆಯಲ್ಲಿ ಅಪ್ಪ ಟೈಪ್ ಮಾಡಿ ಆಯಾ ಊರಿಗೆ ಮೇಲ್ ಕಳಿಸುತ್ತಿದ್ದ. ಅಪ್ಪ ಬೇಕರಿಯಲ್ಲಿ ಬ್ರೆಡ್ ಮಾಡುವವನು. ಬೆಳಗಿನ ಜಾವವೇ ಏಳಬೇಕು, ಸಂಜೆಯಾದರೆ ತೂಕಡಿಕೆ. ಒಂದು ಸಲ ನಿದ್ದೆಗಣ್ಣಿನಲ್ಲಿ ಒಂದು ಶಾಲೆಗೆ 'ನಿಮ್ಮ ಪಿಯಾನೋ ಚೆನ್ನಾಗಿ ಉಬ್ಬಿದೆ' ಎಂದು ಬರೆದು ಕಳಿಸಿದ್ದ. ಆ ಶಾಲೆಯವರು ಗಾಬರಿಯಾಗಿ ಫೋನ್ ಮಾಡಿದ್ದರು.

"ಇನ್ನು ಮೇಲೆ ನನ್ನ ಕೆಲಸ ನಾನೇ ಬರ್ಕೋತೀನಿ," ಎಂದಿದ್ದಳು ಅತ್ತೆ. ಈ ಸಲ ಅವಳು ಹೋದರೆ ತಿಂಗಳು ಕಳೆದೇ ಬರುವುದು. ಆದರೆ ಕಂಪ್ಯೂಟರ್ ಎಂದರೆ ಅವಳಿಗೆ ಏನೂ ತಿಳಿಯದು. ಮೊಬೈಲಿನ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತದೆ ಎಂದು ಬೈಯುತ್ತಾಳೆ. ಅದಕ್ಕೇ ಅಪ್ಪ ಪಿಟೀಲಿಗೆ ಹೇಳಿದ್ದ: "ಮನೇಲಿ ಇದೆಲ್ಲ ಗೊತ್ತಿರೋಳು ನೀನೇ. ಹಗುರವಾಗಿರೋದು ಒಂದು ನೋಡಿ ಕೊಡಿಸು."

ಆ ಮಾತು ಕೇಳಿದಾಗಿನಿಂದ ಪಿಟೀಲಿನ ಕಾಲು ನೆಲದ ಮೇಲಿರಲಿಲ್ಲ.

ಅಂಗಡಿಯಲ್ಲಿ ಹೀಗೆ ಒಂದೊಂದನ್ನೇ ನೋಡಿ ಕೊನೆಗೆ ಎರಡು ಉಳಿದವು. ಒಂದು ತೆಳ್ಳಗೆ, ತಟ್ಟೆಯ ಹಾಗಿತ್ತು. ಇನ್ನೊಂದು ಅದಕ್ಕಿಂತ ಸ್ವಲ್ಪ ದಪ್ಪ, ಕಪ್ಪು ಬಣ್ಣ, ಕೀಗಳ ಕೆಳಗೆ ನೀಲಿ ಬೆಳಕು. ಅತ್ತೆ ಟಿವಿಗಳ ಕಡೆ ನೋಡುತ್ತಿದ್ದಾಗ ಪಿಟೀಲು ಅಂಗಡಿಯಣ್ಣನ ಕಿವಿಯಲ್ಲಿ ಕೇಳಿದಳು. "ಅಣ್ಣ, ಕಾರ್ ರೇಸ್ ಗೇಮ್ ಯಾವುದರಲ್ಲಿ ಓಡುತ್ತೆ?"

"ತೆಳ್ಳಗಿರೋದ್ರಲ್ಲಿ ಓಡಲ್ಲ. ಕಪ್ಪಗಿರೋದ್ರಲ್ಲಿ ಆರಾಮಾಗಿ ಓಡುತ್ತೆ. ಆದ್ರೆ ನಿಮ್ಮತ್ತೆಗೆ ತೆಳ್ಳಗಿರೋದೇ ಸಾಕಲ್ವಾ?"

ಪಿಟೀಲು ಆ ಕೊನೆಯ ಮಾತನ್ನು ಕೇಳಿಸಿಕೊಳ್ಳದವಳ ಹಾಗೆ ತಿರುಗಿದಳು. "ಅತ್ತೆ, ಕಪ್ಪಗಿರೋದೇ ಬೆಸ್ಟ್. ಸೂಪರ್ ಫಾಸ್ಟು. ಕತ್ತಲಲ್ಲೂ ಕೀ ಕಾಣುತ್ತೆ. ತೂಕ ಒಂಚೂರು ಜಾಸ್ತಿ ಅಷ್ಟೇ."

"ನಮ್ಮ ಪಿಟೀಲು ಹೇಳಿದ ಮೇಲೆ ಮುಗೀತು," ಎಂದಳು ಅತ್ತೆ.

ಮನೆಗೆ ಬಂದ ಮೇಲೆ ಪಿಟೀಲು ಅಕ್ಷರಗಳನ್ನು ದೊಡ್ಡದು ಮಾಡಿಕೊಟ್ಟಳು. ಅತ್ತೆ ಕನ್ನಡಕ ತೆಗೆದಿಟ್ಟು ಓದಿ ನೋಡಿದಳು, ಮತ್ತೆ ಓದಿದಳು. "ಒಂದೊಂದು ಅಕ್ಷರಾನೂ ಎಷ್ಟು ಚೆನ್ನಾಗಿ ಕಾಣುತ್ತಲ್ಲೇ," ಎಂದಳು, ಅಪ್ಪನನ್ನೂ ಕರೆದು ತೋರಿಸಿದಳು. ಅವಳು ಅಡುಗೆಮನೆಗೆ ಹೋದಾಗ ಪಿಟೀಲು ರೇಸ್ ಗೇಮನ್ನೂ ಹಾಕಿದಳು. ಸುಮ್ಮನೆ ಟೆಸ್ಟ್ ಮಾಡುವುದಕ್ಕೆ ಎಂದು ತನಗೆ ತಾನೇ ಹೇಳಿಕೊಂಡಳು. ಅತ್ತೆ ಊರಿಂದ ಬಂದಾಗಲೆಲ್ಲ ಆಡಬಹುದು ಎಂದು ಒಳಗೊಳಗೇ ಲೆಕ್ಕ ಹಾಕಿಕೊಂಡಳು.

ಅತ್ತೆ ಚೀಲ ಜೋಡಿಸಲು ಕುಳಿತಳು. ಲ್ಯಾಪ್‌ಟಾಪ್ ಒಳಗೆ ಹೋಯಿತು. ಅದರ ಚಾರ್ಜರ್ ಇಟ್ಟಿಗೆಯ ಹಾಗಿತ್ತು, ಅದೂ ಹೋಯಿತು. ಅತ್ತೆ ಚೀಲವನ್ನು ಹೆಗಲಿಗೇರಿಸಿ ನಿಂತಳು, ಇಳಿಸಿದಳು, ಒಳಗಿನಿಂದ ಸ್ಟೀಲಿನ ಫ್ಲಾಸ್ಕ್ ತೆಗೆದು ಮೇಜಿನ ಮೇಲಿಟ್ಟಳು.

"ಫ್ಲಾಸ್ಕ್ ಬೇಡ್ವಾ ಅತ್ತೆ?" ಎಂದು ಪಿಟೀಲು ಕೇಳಿದಳು. ಆ ಫ್ಲಾಸ್ಕ್ ಇಲ್ಲದೆ ಅತ್ತೆ ಹೊರಟಿದ್ದನ್ನು ಅವಳು ನೋಡಿಯೇ ಇರಲಿಲ್ಲ.

"ಕಾಫಿ ಎಲ್ಲಿ ಬೇಕಾದ್ರೂ ಸಿಗುತ್ತೆ ಬಿಡು," ಎಂದಳು ಅತ್ತೆ.

ಮರುದಿನ ರಜೆ. ಹೊರಡುವ ಮೊದಲು ಅತ್ತೆ ಪಿಟೀಲಿನ ಶಾಲೆಯ ಪಿಯಾನೋವನ್ನೇ ಶ್ರುತಿ ಮಾಡಬೇಕಿತ್ತು. ಪಿಟೀಲೂ ಜೊತೆಗೆ ಹೋದಳು. ಗೇಟಿನಿಂದ ಪಿಯಾನೋ ಇರುವ ಹಾಲಿನವರೆಗೆ ಚೀಲ ತಾನೇ ಹೊರುತ್ತೇನೆ ಎಂದು ಹಟ ಹಿಡಿದಳು. ಮೆಟ್ಟಿಲು ಮುಟ್ಟುವುದರೊಳಗೆ ಹೆಗಲು ಕಿತ್ತು ಬರುವಂತಾಯಿತು. ಅತ್ತೆ ಇದನ್ನು ಹೊತ್ತು ಬಸ್ಸಿನಲ್ಲಿ ನಿಂತೇ ಹೋಗುವುದೂ ಉಂಟು ಎಂದು ನೆನಪಾಯಿತು.

ಖಾಲಿ ಹಾಲಿನಲ್ಲಿ ಅತ್ತೆ ಮೊದಲು ಸೀಲಿಂಗ್ ಫ್ಯಾನ್‌ಗಳನ್ನು ನಿಲ್ಲಿಸಿದಳು. ಕಿಟಕಿ ಮುಚ್ಚಿದಳು. ಗೋಡೆಯ ಗಡಿಯಾರವನ್ನು ಇಳಿಸಿ ಹೊರಗೆ ಕಾರಿಡಾರಿನಲ್ಲಿ ಇಟ್ಟು ಬಂದಳು. ಪಿಟೀಲಿಗೆ ನಗು ಬಂತು. ಆಮೇಲೆ ಅತ್ತೆ ಪಕ್ಕದ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟಳು. ಹೋದ ವರ್ಷ ಈ ಪಿಯಾನೋಗೆ ಏನೇನಾಗಿತ್ತು ಎಂದು ಅಪ್ಪ ಟೈಪ್ ಮಾಡಿದ್ದ ಮೇಲ್ ದೊಡ್ಡ ಅಕ್ಷರದಲ್ಲಿ ಎದ್ದು ಕಾಣುತ್ತಿತ್ತು. ಬಗ್ಗಿ ಕೆಲಸ ಮಾಡುವಾಗ ಕನ್ನಡಕ ಜಾರುತ್ತದೆಂದು ಅತ್ತೆ ಅದನ್ನು ಹಾಕುವುದಿಲ್ಲ. ಈಗ ಕನ್ನಡಕವಿಲ್ಲದೆಯೇ ಓದಬಹುದಿತ್ತು.

ಪಿಯಾನೋದ ಮುಚ್ಚಳ ತೆರೆದು, ಕೀಲಿ ಸಿಕ್ಕಿಸಿ, ನುಡಿಸುವ ಕಪ್ಪು-ಬಿಳಿ ಮನೆಗಳಲ್ಲಿ ಒಂದನ್ನು ಒತ್ತಿದಳು. ಸ್ವರ ಹಾಲಿನ ತುಂಬ ಹರಡಿತು. ಅತ್ತೆ ತಲೆ ಓರೆಮಾಡಿ ಕೇಳಿದಳು. ಮತ್ತೆ ಒತ್ತಿದಳು. ಹುಬ್ಬು ಗಂಟಾಯಿತು.

"ಒಳಗೆ ನೊಣ ಏನಾದ್ರೂ ಬಂದಿದೆಯಾ?"

ಪಿಟೀಲು ಸುತ್ತಲೂ ನೋಡಿದಳು. ಒಂದು ನೊಣವೂ ಇರಲಿಲ್ಲ. ಅವಳಿಗೆ ಯಾವ ಸದ್ದೂ ಕೇಳಿಸುತ್ತಿರಲಿಲ್ಲ.

ಅತ್ತೆ ಕಣ್ಣು ಮುಚ್ಚಿದಳು. ಎರಡು ಹೆಜ್ಜೆ ಬಾಗಿಲ ಕಡೆ ನಡೆದಳು, ನಿಂತಳು, ತಲೆಯಾಡಿಸಿ ಹಿಂದಕ್ಕೆ ಬಂದಳು. ಕಣ್ಣು ಮುಚ್ಚಿಕೊಂಡೇ ಬೆಂಚಿನ ಹತ್ತಿರ ಬಂದು, ಬಗ್ಗಿ, ಲ್ಯಾಪ್‌ಟಾಪಿಗೆ ಕಿವಿ ಹಚ್ಚಿದಳು. "ಓ, ಇವನಾ," ಎಂದಳು.

ಪಿಟೀಲೂ ಕಿವಿ ಹಚ್ಚಿದಳು. ಅದರೊಳಗೆ ಸುಂಯ್ ಎಂದು ಸಣ್ಣ ಫ್ಯಾನ್ ತಿರುಗುತ್ತಿತ್ತು. ಅಂಗಡಿಯಲ್ಲಿ ಅಷ್ಟೊಂದು ಟಿವಿಗಳ ಗಲಾಟೆಯಲ್ಲಿ ಇದು ಯಾರಿಗೂ ಕೇಳಿಸಿರಲಿಲ್ಲ. ಇಷ್ಟು ಸಣ್ಣ ಸದ್ದನ್ನು ಅತ್ತೆ ಅಷ್ಟು ದೂರದಿಂದ ಹಿಡಿದದ್ದು ನೋಡಿ ಪಿಟೀಲು ಬೆರಗಾದಳು.

"ಸ್ಲೋ ಮಾಡೋಕಾಗುತ್ತಾ ನೋಡ್ತೀನಿ ಇರು," ಎಂದು ಏನೇನೋ ಒತ್ತಿದಳು. ಫ್ಯಾನ್ ಒಂದು ಗಳಿಗೆ ನಿಂತು ಮತ್ತೆ ತಿರುಗಿತು.

"ಇರಲಿ ಬಿಡು ಕಣೇ. ಮುಚ್ಚಿಟ್ರಾಯ್ತು," ಎಂದು ಅತ್ತೆ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿ ಚೀಲಕ್ಕೆ ಸೇರಿಸಿದಳು. "ಹೋದ ವರ್ಷದ್ದು ನೆನಪಿದ್ದಷ್ಟು ಸಾಕು. ನೀನಿಲ್ಲಿ ಬಾ, ಒಂದು ತಮಾಷೆ ಕೇಳಿಸ್ತೀನಿ."

ಒಂದೇ ಮನೆಗೆ ಮೂರು ತಂತಿಗಳಿರುತ್ತವೆ ಎಂದು ಅತ್ತೆ ತೋರಿಸಿದಳು. ಮೂರೂ ಒಂದೇ ಸ್ವರ ಹೇಳಬೇಕು. ಒಂದರ ಪಕ್ಕಕ್ಕೆ ರಬ್ಬರ್ ತುಂಡು ಸಿಕ್ಕಿಸಿ ಅದರ ಬಾಯಿ ಮುಚ್ಚಿಸಿದಳು. ಉಳಿದೆರಡನ್ನು ನುಡಿಸಿದಳು. "ಏನು ಕೇಳಿಸ್ತು?"

"ಒಂದು ಸ್ವರ."

"ಸರಿಯಾಗಿ ಕೇಳು. ಅದರೊಳಗೆ ಏನೋ ಅಲ್ಲಾಡ್ತಿದೆ."

ಪಿಟೀಲು ಉಸಿರು ಬಿಗಿಹಿಡಿದಳು. ಆಗ ಕೇಳಿಸಿತು. ವಾಂವ್, ವಾಂವ್, ವಾಂವ್ ಎಂದು ಸ್ವರದೊಳಗೇ ಒಂದು ಅಲೆ. ಅತ್ತೆ ಕೀಲಿಯನ್ನು ಕೂದಲೆಳೆಯಷ್ಟು ತಿರುಗಿಸಿದಳು. ಅಲೆ ನಿಧಾನವಾಯಿತು. ವಾಂ...ವ್, ವಾಂ...ವ್. ಇನ್ನೂ ಒಂಚೂರು ತಿರುಗಿಸಿದಳು. ಅಲೆ ನಿಂತೇಹೋಯಿತು. ಎರಡು ತಂತಿ ಸೇರಿ ಒಂದೇ ಆಗಿ, ಸ್ವರ ನೆಟ್ಟಗೆ ನಿಂತಿತು.

ಪಿಟೀಲಿನ ಮೈ ಜುಮ್ಮೆಂದಿತು. ಇಷ್ಟು ದಿನ ಈ ಪಿಯಾನೋದ ಜೊತೆ ಹಾಡುತ್ತಿದ್ದಳು. ಒಳಗೆ ಇಂಥದ್ದೊಂದು ನಡೆಯುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಅತ್ತೆ ಒಂದೊಂದೇ ತಂತಿ ಹಿಡಿದು ಮುಂದೆ ಹೋದಳು. ಅವಸರವಿಲ್ಲ, ಬೇಸರವೂ ಇಲ್ಲ. ಪಿಟೀಲು ಕಣ್ಣು ಮಿಟುಕಿಸದೆ ನೋಡುತ್ತಾ ಕೂತಳು.

ನೋಡುತ್ತಾ ನೋಡುತ್ತಾ ಕಣ್ಣು ಚೀಲದ ಮೇಲೆ ಹೋಯಿತು. ಲ್ಯಾಪ್‌ಟಾಪ್ ಅದರೊಳಗೆ ಮುಚ್ಚಿಕೊಂಡು ಕೂತಿತ್ತು. ಅತ್ತೆ ಒಂದು ಮಾತೂ ಆಡುವುದಿಲ್ಲ. ಪಿಟೀಲು ಆರಿಸಿದ್ದು ಎಂದು ಊರೂರಿಗೂ ಹೊತ್ತುಕೊಂಡು ಹೋಗುತ್ತಾಳೆ. ಕೆಲಸದ ಹೊತ್ತಿನಲ್ಲಿ ತೆರೆಯುವುದೇ ಇಲ್ಲ. ಕಾಫಿಯೂ ಇಲ್ಲ.

ಕೆಲಸ ಮುಗಿದಾಗ ಅವಳೇ ಕೇಳಿದಳು. "ಅತ್ತೆ, ಅದನ್ನ ಬದಲಾಯಿಸೋಣ್ವಾ?"

"ಯಾಕೆ? ಚೆನ್ನಾಗಿದೆಯಲ್ಲ."

"ಚೆನ್ನಾಗಿದೆ. ಆದ್ರೆ ನಿನಗಲ್ಲ."

"ಮತ್ಯಾರಿಗೆ?"

ಪಿಟೀಲು ಕಾಲ್ಬೆರಳಿನಿಂದ ನೆಲ ಕೆರೆದಳು. ಅತ್ತೆ ಕಾರಿಡಾರಿಗೆ ಹೋಗಿ ಗಡಿಯಾರ ತಂದು ಗೋಡೆಗೆ ತೂಗುಹಾಕಿದಳು.

ಅಂಗಡಿಯಣ್ಣ ಬದಲಾಯಿಸಿ ಕೊಡಲು ಒಪ್ಪಿದ. ಆದರೆ ಪಿಟೀಲು, "ಇಲ್ಲಿ ಬೇಡ, ಸದ್ದಿಲ್ಲದ ಜಾಗ ಬೇಕು," ಎಂದಾಗ ತಲೆ ಕೆರೆದುಕೊಂಡ. ಕೊನೆಗೆ ಹಿಂದಿನ ಸ್ಟೋರ್ ರೂಮಿಗೆ ಕರೆದೊಯ್ದ. ಅಲ್ಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಕೂತು ಪಿಟೀಲು ತೆಳ್ಳಗಿನ ಲ್ಯಾಪ್‌ಟಾಪಿಗೆ ಕಿವಿ ಹಚ್ಚಿದಳು.

"ಏನು ಡಾಕ್ಟ್ರೇ, ಜ್ವರ ಇದೆಯಾ?" ಎಂದ ಅಂಗಡಿಯಣ್ಣ.

"ಶ್," ಎಂದಳು ಪಿಟೀಲು. ಬಹಳ ಹೊತ್ತು ಕೇಳಿದಳು. ಏನೂ ಇಲ್ಲ.

"ಇದರಲ್ಲಿ ಫ್ಯಾನೇ ಇಲ್ಲ ಕಣಮ್ಮ, ಸದ್ದು ಎಲ್ಲಿಂದ ಬರುತ್ತೆ? ಅದಕ್ಕೇ ನಿನ್ನ ಕಾರ್ ರೇಸು ಇದರಲ್ಲಿ ಓಡಲ್ಲ ಅಂದಿದ್ದು."

ಪಿಟೀಲಿನ ಕಿವಿ ಬಿಸಿಯಾಯಿತು. ತಲೆ ಎತ್ತಲಿಲ್ಲ. ಪೆಟ್ಟಿಗೆಯ ಮೇಲೆ ಕೂತಿದ್ದ ಅತ್ತೆ ಅಂಗಡಿಯಣ್ಣನನ್ನೂ ಅವಳನ್ನೂ ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ರೇಸ್ ಇಲ್ಲದಿದ್ರೂ ಪರವಾಗಿಲ್ವೇನೇ?"

"ಪರವಾಗಿಲ್ಲ," ಎಂದಳು ಪಿಟೀಲು. ರೇಸ್ ಆಡುವ ಆಸೆ ಇನ್ನೂ ಹೋಗಿರಲಿಲ್ಲ. ಆದರೂ ತೆಳ್ಳಗಿನ ಲ್ಯಾಪ್‌ಟಾಪನ್ನು ತಾನೇ ಎತ್ತಿ ಅತ್ತೆಯ ಚೀಲಕ್ಕೆ ಇಳಿಸಿದಳು. "ನಡೆದು ನೋಡು ಅತ್ತೆ."

ಅತ್ತೆ ಟಿವಿಗಳ ಸಾಲು ದಾಟಿ ವಾಷಿಂಗ್ ಮಷಿನ್‌ಗಳ ಹತ್ತಿರ ತಿರುಗಿ ಬಂದಳು. ಈ ಸಲ ಅಂಗಡಿಯಣ್ಣ ಹಿಂದೆ ಓಡಲಿಲ್ಲ.

"ಹೆಗಲು ಏನನ್ನುತ್ತೆ?" ಎಂದು ಪಿಟೀಲು ಕೇಳಿದಳು.

"ಫ್ಲಾಸ್ಕ್ ಎಲ್ಲಿ ಅಂತ ಕೇಳ್ತಿದೆ," ಎಂದಳು ಅತ್ತೆ.

ಅತ್ತೆ ಹೊರಟುಹೋದ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ಒಂದು ಸಂಜೆ ಪಿಟೀಲು ಹೋಂವರ್ಕ್ ಮಾಡುತ್ತಿದ್ದಾಗ ಅಪ್ಪನ ಫೋನಿಗೆ ವಿಡಿಯೋ ಕಾಲ್ ಬಂತು. ತೆರೆದರೆ ಯಾವುದೋ ಊರಿನ ಯಾವುದೋ ಹಾಲಿನ ಸೂರು ಕಾಣಿಸಿತು. ನಡುವೆ ಅತ್ತೆಯ ಗಲ್ಲ.

"ಅತ್ತೆ, ಸ್ಕ್ರೀನ್ ಒಂಚೂರು ಮುಂದಕ್ಕೆ ಬಗ್ಗಿಸು."

ಸೂರು ಮಾಯವಾಯಿತು. ಅತ್ತೆ ಕಂಡಳು. ಅವಳ ಹಿಂದೆ ಬಾಯಿ ತೆರೆದ ಪಿಯಾನೋ ಇತ್ತು, ಅದರ ಪಕ್ಕದ ಸ್ಟೂಲಿನ ಮೇಲೆ ಸ್ಟೀಲಿನ ಫ್ಲಾಸ್ಕ್. "ಮೊನ್ನೆ ಒಂದು ಮೇಲ್ ನಾನೇ ಕಳಿಸಿದೆ ಗೊತ್ತಾ? ಒಂದೇ ಬೆರಳಲ್ಲಿ. ಏನೂ ಉಬ್ಬಿಲ್ಲ ಅಂತ ನಿಮ್ಮಪ್ಪಂಗೆ ಹೇಳು," ಎಂದಳು ಅತ್ತೆ. "ಈಗ ಸುಮ್ಮನಿರು. ಇನ್ನೊಂದೇ ಮನೆ ಬಾಕಿ ಇದೆ. ಕೇಳ್ತಿರು."

ಪಿಟೀಲು ಎದ್ದು ಹೋಗಿ ಕಿಟಕಿ ಮುಚ್ಚಿದಳು. ತಲೆಯ ಮೇಲಿನ ಫ್ಯಾನ್ ನಿಲ್ಲಿಸಿದಳು. ಕುರ್ಚಿಯಲ್ಲೇ ತೂಕಡಿಸುತ್ತಿದ್ದ ಅಪ್ಪ ಸಣ್ಣಗೆ ಗೊರಕೆ ಹೊಡೆದ. ಅವನನ್ನು ಅಲುಗಾಡಿಸಿ ಅದನ್ನೂ ನಿಲ್ಲಿಸಿದಳು. ಆಮೇಲೆ ಫೋನನ್ನು ಕಿವಿಗೆ ಹಚ್ಚಿ ಕೂತಳು.

ದೂರದ ಊರಿನಲ್ಲಿ ಅತ್ತೆ ಮನೆ ಒತ್ತಿದಳು. ವಾಂವ್, ವಾಂವ್. ಕೀಲಿ ತಿರುಗಿತು. ವಾಂ...ವ್.

"ನಿಂತಿತಾ?" ಎಂದು ಅತ್ತೆ ಕೇಳಿದಳು.

"ಇಲ್ಲ ಅತ್ತೆ. ಇನ್ನೂ ಒಂಚೂರಿದೆ."

ಅತ್ತೆ ಕೀಲಿಯನ್ನು ಒಂಚೂರು ತಿರುಗಿಸಿ ಮತ್ತೆ ಒತ್ತಿದಳು. ಪಿಟೀಲು ಕಣ್ಣು ಮುಚ್ಚಿ, ಸ್ವರ ಪೂರ್ತಿ ಕರಗುವ ತನಕ ಕೇಳಿದಳು.

"ಈಗ ನಿಂತಿತು," ಎಂದಳು.