ಗಾಳಿಗಿಂತ ಮೊದಲು ಬರುವವನು

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಕಲೆಬ್ ಒಡೆರೊ ಎಂಬಾತ ಎಂಬಿಟಾ ಪೊಲೀಸ್ ಠಾಣೆಗೆ ಹಾಜರಾಗಿ ದೂರು ಕೊಟ್ಟ. ಸರೋವರದ ಸುತ್ತಲಿನ ಊರುಗಳ ಸುದ್ದಿ ಹಾಕುವ ‘ವಾಚ್ ನಾಮ್’ ಎಂಬ ಫೇಸ್‌ಬುಕ್ ಪುಟದ ಮಾಲೀಕ ಈತ. ಓದುಗರು ನಾಲ್ಕು ಲಕ್ಷ. ಹಿಂದಿನ ಸಂಜೆ ಯಾರೋ ಆ ಪುಟದಲ್ಲಿ, ರುಸಿಂಗಾ ದ್ವೀಪದ ಜಾಬ್ಲಾನ್ ಒಗ್ವಾಂಗ್ ತೀರಿಕೊಂಡರು ಎಂದು ಹಾಕಿಬಿಟ್ಟಿದ್ದರು. ಬೆಳಗಾಗುತ್ತಲೇ ಅತ್ತುಕೊಂಡು ಬಂದವರಿಗೆ ಒಗ್ವಾಂಗ್ ಅಂಗಳದಲ್ಲಿ ಚಹಾ ಕುಡಿಯುತ್ತಾ ಸಿಕ್ಕಿದ್ದರು.

“ಸಾವಿನ ಸುದ್ದಿಯಿಂದಲೇ ಬೆಳೆದ ಪುಟ ಮೇಡಂ. ಅದೇ ಸುಳ್ಳು ಅಂತಾದ್ರೆ ನನ್ನ ಕತೆ ಮುಗೀತು.”

ಇನ್ಸ್‌ಪೆಕ್ಟರ್ ರೋಸ್ಲಿನ್ ಅಪಿಯೊ ಎಫ್ಐಆರ್ ದಾಖಲಿಸಿಕೊಂಡರು. ಪಾಸ್‌ವರ್ಡ್ ಇದ್ದದ್ದು ಒಡೆರೊ ಮತ್ತು ಕಿಸುಮು ನಗರದಲ್ಲಿನ ಅವನ ಕಚೇರಿಯ ಇಬ್ಬರ ಬಳಿ. ಆ ಇಬ್ಬರೂ ಆ ಹೊತ್ತಿನಲ್ಲಿ ಸಭೆಯೊಂದರ ನೇರ ಪ್ರಸಾರ ಮಾಡುತ್ತಿದ್ದರು. ಕಾನ್‌ಸ್ಟೇಬಲ್ ಮುತಾಯ್ ವಿಡಿಯೊ ನೋಡಿ ಖಾತ್ರಿ ಮಾಡಿಕೊಂಡ.

ಅಪಿಯೊ ಆ ಸುದ್ದಿಯನ್ನು ಮತ್ತೆ ಓದಿದರು. “‘ಗಾಳಿಗಿಂತ ಮೊದಲು ಬರುವವನು ಹೋದ.’ ಏನಿದು?”

“ಬಿರುದಲ್ವಾ ಮೇಡಂ?” ಮುತಾಯ್ ಬೇರೆ ಸೀಮೆಯವನು. “ನಿಮ್ಮವರು ಎರಡು ಗುಟುಕು ಇಳಿದ್ರೆ ಎದ್ದು ನಿಂತು ಕೂಗ್ಕೊಳ್ತಾರಲ್ಲ!”

“ಗೆಳೆಯ ಗೆಳೆಯನಿಗೆ ಕಟ್ಟೋದು ಕಣೋ. ಒಬ್ಬ ಕೂಗಿದ್ರೆ ಇನ್ನೊಬ್ಬ ತಿರುಗಿ ಕೂಗಲೇಬೇಕು.” ಅವರು ಒಡೆರೊ ಕಡೆ ತಿರುಗಿದರು. “ಇದನ್ನ ಕಟ್ಟಿದ್ದು ಯಾರು?”

ಒಡೆರೊ ತಲೆ ತಗ್ಗಿಸಿದ. “ನಾನೇ. ನನಗೆ, ಒಗ್ವಾಂಗ್‌ಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ.”

“ಅವರಿಗೂ ಪುಟಕ್ಕೂ ಏನು ಸಂಬಂಧ?”

“ಶುರುವಾಗಿದ್ದೇ ಅವರ ಫೋನಲ್ಲಿ. ನನ್ನ ಹತ್ರ ಫೋನೇ ಇರಲಿಲ್ಲ. ದೋಣಿ ಹಾಕಿಕೊಂಡು ಊರೂರು ಸುತ್ತಿ ಸುದ್ದಿ ತರೋರು.”

“ಆ ಫೋನನ್ನ ಪುಟದಿಂದ ತೆಗೆದ್ರಾ?”

“ಇಲ್ಲ… ಮರೆತೇಬಿಟ್ಟೆ.”

ಫೋನನ್ನೋ ಮನುಷ್ಯನನ್ನೋ ಎಂದು ಅಪಿಯೊ ಕೇಳಲಿಲ್ಲ.

ಮಧ್ಯಾಹ್ನ ಪೊಲೀಸರು ಸೇತುವೆ ದಾಟಿ ರುಸಿಂಗಾಕ್ಕೆ ಹೋದರು. ಅಂಗಳದಲ್ಲಿ ಮೆಕ್ಕೆಜೋಳದ ಮುದ್ದೆ ಉಗಾಲಿ, ಮೀನು ಬೇಯುತ್ತಿತ್ತು. ಸಾವಿನ ಮನೆಗೆ ಬಂದು ಉಪವಾಸ ಹೋಗುವ ರೂಢಿ ನಮ್ಮ ಸರೋವರದ ಸೀಮೆಯಲ್ಲಿಲ್ಲ, ಹೆಣ ಎದ್ದು ಕೂತಿದ್ದರೂ ಸರಿಯೇ. “ಏಯ್ ಸತ್ತವನೇ, ನಮ್ಮ ಕಣ್ಣೀರು ವಾಪಸ್ ಕೊಡು!” ಎಂದು ಒಬ್ಬಾಕೆ ರೇಗಿಸುತ್ತಿದ್ದಳು. ಒಗ್ವಾಂಗ್ ನಗುತ್ತಿರಲಿಲ್ಲ.

ಇಬ್ಬರು ನೆರೆಯವರ ಸಮ್ಮುಖದಲ್ಲಿ ಮಹಜರು ಬರೆದು ಫೋನ್ ವಶಪಡಿಸಿಕೊಂಡರು.

“ಹಾಕಿದ್ದು ನೀವೇನಾ, ಯಜಮಾನ್ರೆ?”

“ಹೂಂ.”

“ಯಾಕೆ?”

“ನನ್ನ ಹೆಂಡತಿ ಹೋದಾಗ ಅವನ ಪುಟದಲ್ಲಿ ನಾಲ್ಕು ಸಾಲು ಬಂತು, ಅವನು ಬರಲಿಲ್ಲ. ನಾನು ಸತ್ರಾದ್ರೂ ಬರ್ತಾನಾ ಅಂತ ನೋಡೋಣ ಅನ್ನಿಸ್ತು.” ಮುದುಕ ದಾರಿಯ ಕಡೆ ನೋಡಿದರು. “ಊರಿಗೆ ಊರೇ ಬಂತು ಮೇಡಂ. ಅವನು ಬಂದನಾ?”

“ಎಂಬಿಟಾವರೆಗೆ ಬಂದಿದ್ದಾನೆ. ದೂರು ಕೊಡೋಕೆ.”

“ಅಷ್ಟು ದೂರ ಬಂದವನಿಗೆ ಒಂದು ಸೇತುವೆ ದಾಟೋಕಾಗಲಿಲ್ವಾ?”

ಸಂಜೆ ನಾಲ್ಕಕ್ಕೆ ಠಾಣೆಯಲ್ಲಿ ಒಗ್ವಾಂಗ್ ಬಂಧನ ದಾಖಲಾಯಿತು. ಠಾಣೆಯ ಬಾಗಿಲಲ್ಲಿ ಒಡೆರೊ ತಲೆ ಬಗ್ಗಿಸಿ, ‘ಒಗ್ವಾಂಗ್ ಬದುಕಿದ್ದಾರೆ, ಓದುಗರು ಕ್ಷಮಿಸಬೇಕು’ ಎಂದು ಫೋನಿನಲ್ಲಿ ಬರೆಯುತ್ತಿದ್ದ. ಮುದುಕ ನೆಟ್ಟಗೆ ನಿಂತು, ತಾವೇ ಹಿಂದೆ ಅವನಿಗೆ ಕಟ್ಟಿದ್ದ ಬಿರುದನ್ನು ಗಟ್ಟಿಯಾಗಿ ಕೂಗಿದರು:

“ಸರೋವರ ಮಲಗಿದ್ರೂ ಮಲಗದವನೇ!”

ಒಡೆರೊ ತಲೆ ಎತ್ತಲಿಲ್ಲ.

ಉದ್ದೇಶದ ಕಾಲಮಿನಲ್ಲಿ ಅಪಿಯೊ ‘ಗೆಳೆಯನನ್ನು ನೋಡಬೇಕೆಂಬ ಆಸೆ’ ಎಂದು ಬರೆದರು. ಲಾಕಪ್ಪಿಗೆ ಕರೆದೊಯ್ಯಲು ಮುತಾಯ್ ಮುದುಕರ ತೋಳು ಹಿಡಿದ. ಒಗ್ವಾಂಗ್ ಕದಲಲಿಲ್ಲ. “ಸ್ವಲ್ಪ ತಡಿಯಪ್ಪಾ,” ಅಂದರು. “ಅವನಿನ್ನೂ ತಿರುಗಿ ಕೂಗಿಲ್ಲ.”