ಎದ್ದು ಹೋದ ತೀರ್ಪುಗಾರ

"ಅಯ್ಯೋ ದೇವರೇ... ನಿಮ್ಮ ಬೂಟಿನ ಮೇಲೆ ಬಿತ್ತಾ?"

ರೋನಾ ಗಿಲ್ಲೀಸ್ ಬಾಯಿ ಒರೆಸಿಕೊಳ್ಳುತ್ತ ಕೇಳಿದಳು. ಕೇಳುವ ಅಗತ್ಯವಿರಲಿಲ್ಲ. ಬೆಳಿಗ್ಗೆ ಕುಡಿದ ಓಟ್ಸ್ ಗಂಜಿಯೆಲ್ಲ ಎದುರಿಗಿದ್ದವನ ಪಾಲಿಶ್ ಹಾಕಿದ ಕಪ್ಪು ಬೂಟಿನ ಮೇಲೆ ಹರಡಿತ್ತು.

ಆಗಸ್ಟ್ ತಿಂಗಳ ಕೊನೆಯ ಶನಿವಾರ. ಡಾನ್ ನದಿಯ ಪಕ್ಕದ ಮೈದಾನದಲ್ಲಿ ಕ್ರೀಡೋತ್ಸವ, ಜೊತೆಗೆ ಕುಣಿತದ ಸ್ಪರ್ಧೆ ನಡೆದಿತ್ತು. ಡೇರೆಯ ಹಿಂದೆ ಒದ್ದೆ ಉಣ್ಣೆಯ ವಾಸನೆ, ಬರ್ಗರ್ ಗಾಡಿಯ ಸುಟ್ಟ ಕೊಬ್ಬಿನ ವಾಸನೆ, ಸಾಲಾಗಿ ನಿಲ್ಲಿಸಿದ್ದ ತಾತ್ಕಾಲಿಕ ಪಾಯಿಖಾನೆಗಳ ವಾಸನೆ. ಅವಳು ಅಂಗೈಯಿಂದ ಮೂಗು ಮುಚ್ಚಿಕೊಂಡಳು.

"ಪರವಾಗಿಲ್ಲ ಬಿಡು. ನಾನು ಕುರಿ ಡಾಕ್ಟ್ರು. ಈ ಬೂಟು ಇದಕ್ಕಿಂತ ಕೆಟ್ಟದ್ದನ್ನೆಲ್ಲ ನೋಡಿದೆ."

"ಥೂ! ಈಗ ಅದನ್ನ ಬೇರೆ ಹೇಳ್ಬೇಕಾ?"

ಅವನು ನಕ್ಕ. ತನ್ನ ನೀರಿನ ಬಾಟಲಿ ಕೊಟ್ಟ.

"ಪ್ರತಿ ಸಲಾನೂ ಹೀಗೇನಾ?"

"ವೇದಿಕೆ ಹತ್ತೋ ಮುಂಚೆ ಪ್ರತಿ ಸಲಾನೂ. ಚಿಕ್ಕೋಳಾಗಿದ್ದಾಗಿಂದ."

"ಹಾಗಾದ್ರೆ ಚೆನ್ನಾಗಿ ಕುಣೀತೀಯ. ಹೊಟ್ಟೆ ಸುಮ್ನಿರೋರ ಕಾಲೂ ಸುಮ್ನಿರುತ್ತೆ."

ಎಷ್ಟು ಸಲೀಸಾಗಿ ಮಾತಾಡ್ತಾನೆ! ರೋನಾ ಬಾಟಲಿ ಎತ್ತಿ ಕುಡಿಯುತ್ತ ಅವನನ್ನು ಸರಿಯಾಗಿ ನೋಡಿದಳು. ಕೆಂಚು ಗಡ್ಡ, ಮುರಿದು ಕೂಡಿದಂತಿದ್ದ ಮೂಗು. ಕೋಟಿನ ಮೇಲೆ ಒಂದು ಬಿಳಿ ಬಿಲ್ಲೆ.

*ತೀರ್ಪುಗಾರರು.*

ಬಾಟಲಿಯನ್ನು ಅವನ ಕೈಗೆ ತುರುಕಿ, ಒಂದು ಥ್ಯಾಂಕ್ಸ್ ಕೂಡ ಹೇಳದೆ ಅವಳು ಓಡಿದಳು.

ಓಡದೆ ಇನ್ನೇನು? ಅವಳು ಕುಣಿತ ಕಲಿಯುತ್ತಿದ್ದ ಎಲ್ಸ್‌ಪೆತ್ ಬುಕನ್ ಅವರ ನೃತ್ಯಶಾಲೆಯ ಬಾಗಿಲ ಒಳಮೈಗೆ ಅಂಟಿಸಿದ ನಿಯಮಗಳು ಅವಳಿಗೆ ಪ್ರಾರ್ಥನೆಗಿಂತ ಚೆನ್ನಾಗಿ ಬಾಯಿಪಾಠ. ಗಂಟಿನಿಂದ ಒಂದು ಕೂದಲೂ ಹೊರಬರಬಾರದು. ಕಿಲ್ಟ್ ಲಂಗದ ಅಂಚು ಮಂಡಿಯ ನಡುವಿಗಿರಬೇಕು. ಉಗುರಿಗೆ ಬಣ್ಣವಿಲ್ಲ, ಬಾಯಲ್ಲಿ ಗಮ್ ಇಲ್ಲ. ಗೆದ್ದರೂ ಸೋತರೂ ಚೀಲವಾದ್ಯ ಬ್ಯಾಗ್‌ಪೈಪ್ ನುಡಿಸಿದವರಿಗೆ ತಲೆಬಾಗಬೇಕು. ಏಳನೆಯದು ಮಾತ್ರ ಕೆಂಪು ಅಕ್ಷರದಲ್ಲಿತ್ತು. ತೀರ್ಪುಗಾರರೊಂದಿಗೆ ಮಾತಿಲ್ಲ. ಅವರೊಂದಿಗಿನ ಸಂಪರ್ಕವನ್ನು ಮುಚ್ಚಿಟ್ಟವರಿಗೆ ಶಾಲೆಯಲ್ಲಿ ಜಾಗವಿಲ್ಲ.

ಆ ಶಾಲೆಯಲ್ಲಿ ಜಾಗ ಉಳಿಯುವುದು ರೋನಾಗೆ ಸಣ್ಣ ಮಾತಾಗಿರಲಿಲ್ಲ. ಮುಂದಿನ ಬೇಸಿಗೆ ಕಳೆದ ಮೇಲೆ ಪುಟ್ಟ ಮಕ್ಕಳ ತರಗತಿಯನ್ನು ಅವಳಿಗೇ ಒಪ್ಪಿಸುವುದಾಗಿ ಬುಕನ್ ಮೇಡಂ ಮಾತು ಕೊಟ್ಟಿದ್ದರು. ಹಿಟ್ಟಿನ ಕೈ ತೊಳೆದುಕೊಂಡು ಕುಣಿತ ಕಲಿಸುವ ದಿನಕ್ಕಾಗಿ ಕಾಯುತ್ತ ಅವಳು ನೆಟ್ಟಾಳ ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದಳು.

ಅಕ್ಟೋಬರ್‌ನಲ್ಲಿ ಆ ಬೇಕರಿಯ ಬಾಗಿಲು ತಳ್ಳಿಕೊಂಡು ಅವನೇ ಬಂದ!

"ಎರಡು ಬಟರಿ ಬನ್ನು," ಎಂದವನು ಅವಳ ಮುಖ ನೋಡಿ, "ಹೊಟ್ಟೆ ಹೇಗಿದೆ?" ಎಂದ.

"ನಿಮ್ಮ ಜೊತೆ ಮಾತಾಡೋ ಹಾಗಿಲ್ಲ."

"ಯಾಕೆ? ಆವತ್ತು ನಾನು ಹಿರಿಯರ ಪಕ್ಕ ಕೂತು ಕಲೀತಿದ್ದೆ ಅಷ್ಟೆ. ಈಗ ಪರೀಕ್ಷೆ ಪಾಸಾಗಿದೆ. ತೀರ್ಪು ಕೊಡೋದು ದಕ್ಷಿಣದ ಕಡೆ ಮಾತ್ರ. ನೀನು ಕುಣಿಯೋ ಕಡೆ ನಾನು ಬರಲ್ಲ. ಹೆಸರು ಡೂಗಲ್ ರೆನ್ನಿ. ಇಷ್ಟು ಸಾಕಾ, ಇಲ್ಲಾ ಕುರಿ ಕೊಳ್ಳೋರ ಹಾಗೆ ಹಲ್ಲೂ ಎಣಿಸ್ತೀಯಾ?"

ಅವನ ಮೈಯಿಂದ ಕುರಿಯುಣ್ಣೆಯ ಜಿಡ್ಡು, ಡೆಟಾಲ್ ಮತ್ತು ಇನ್ನೇನೋ ಹೆಸರಿಡಲಾಗದ ಒಂದು ವಾಸನೆ ಬರುತ್ತಿತ್ತು. ರೋನಾ ಮೂಗು ಮುಚ್ಚಿಕೊಂಡೇ ಬಟರಿ ಕಟ್ಟಿ ಕೊಟ್ಟಳು.

ಆಮೇಲೆ ಅವನು ದಿನಾ ಬರತೊಡಗಿದ. ದಿನಾ ನಾರುತ್ತಿದ್ದ. ಕೊಳೆತ ಗೊರಸು, ಕರುವಿನ ಭೇದಿ, ಹಸುವಿನ ಹೊಟ್ಟೆಯಲ್ಲಿ ಸಿಕ್ಕ ತಂತಿ... ಎಲ್ಲವನ್ನೂ ಕೌಂಟರಿಗೆ ಒರಗಿ ವರ್ಣಿಸುತ್ತಿದ್ದ. ಅವಳು "ಛೀ, ಸಾಕು!" ಎನ್ನುತ್ತಿದ್ದಳು. ಅವನು ನಿಲ್ಲಿಸಿದರೆ, "ಆಮೇಲೆ ಏನಾಯ್ತು?" ಎಂದೂ ಕೇಳುತ್ತಿದ್ದಳು.

"ಅಲ್ಲ ಕಣೇ," ಎಂದಳು ಬೇಕರಿಯ ಒಡತಿ ನೆಟ್ಟಾ ಒಂದು ದಿನ, "ಅವನು ಬಂದ್ರೆ ಮೂಗು ಮುಚ್ಕೋತೀಯ, ಬರದಿದ್ರೆ ಬಾಗಿಲು ನೋಡ್ತೀಯ. ಯಾವ ಕಾಯಿಲೆ ಇದು?"

"ಅಸಹ್ಯದ ಕಾಯಿಲೆ!"

"ನಂಗೂ ಒಬ್ಬನ ಮೇಲೆ ಇತ್ತು. ಅವನನ್ನೇ ಮದುವೆಯಾದೆ."

ಈ ವಿಷಯವನ್ನು ರೋನಾ ಬುಕನ್ ಮೇಡಂಗೆ ಹೇಳಲಿಲ್ಲ. ಹೇಳುವುದಕ್ಕೆ ಏನಿತ್ತು? ಬಟರಿ ಕೊಂಡವನ ಹೆಸರೆಲ್ಲ ಹೇಳಬೇಕಾ? ಹಾಗೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಏಪ್ರಿಲ್‌ನಲ್ಲಿ ವರ್ಷದ ಮೊದಲ ದೊಡ್ಡ ಸ್ಪರ್ಧೆ ಬಂತು. ಮುಚ್ಚಿದ ಸಭಾಂಗಣ, ಗಾಳಿಯೆಂಬುದಿಲ್ಲ. ಹೇರ್ ಸ್ಪ್ರೇ ಹೊಗೆಯಂತೆ ಕವಿದಿತ್ತು. ಕಾಲುಚೀಲ ಜಾರದಂತೆ ಹುಡುಗಿಯರು ಮೀನಖಂಡಕ್ಕೆ ಅಂಟು ಬಳಿದುಕೊಳ್ಳುತ್ತಿದ್ದರು. ಬೆವರು, ಅಂಟು, ಆಲೂ ಚಿಪ್ಸ್ ಮೇಲಿನ ವಿನಿಗರ್... ರೋನಾ ಅಭ್ಯಾಸದಂತೆ ವಾಂತಿ ಮಾಡಿ, ಬಾಯಿ ಮುಕ್ಕಳಿಸಿ, ತನ್ನ ಸರದಿಯ ಉಳಿದ ಮೂವರು ಸ್ಪರ್ಧಿಗಳ ಜೊತೆ ವೇದಿಕೆ ಹತ್ತಿದಳು.

ಮೂರು ಮೇಜು, ಮೂವರು ತೀರ್ಪುಗಾರರು. ಕೊನೆಯ ಮೇಜಿನ ಹಿಂದೆ ಡೂಗಲ್ ರೆನ್ನಿ!

ಪೈಪ್ ನುಡಿಸುವವನು ಚೀಲಕ್ಕೆ ಗಾಳಿ ತುಂಬಿದ್ದ. ಡೂಗಲ್ ತಲೆಯೆತ್ತಿದ. ಅವಳನ್ನು ನೋಡಿದ. ಅವನ ಮುಖದ ಬಣ್ಣ ಇಳಿಯಿತು.

ಮರುಕ್ಷಣ ಕೈಯೆತ್ತಿ ಪೈಪ್ ನಿಲ್ಲಿಸಿದ. ಎದ್ದ. ಮೇಲ್ವಿಚಾರಕನ ಕಿವಿಯಲ್ಲಿ ಏನೋ ಹೇಳಿದ. ಅವನು ಏನೇನೋ ಪ್ರಶ್ನೆ ಕೇಳಿದ, ಡೂಗಲ್ ಎಲ್ಲಕ್ಕೂ ಉತ್ತರ ಹೇಳಿದ. ಕೋಟು ಹೆಗಲಿಗೆ ಹಾಕಿಕೊಂಡು ಪಕ್ಕದ ಬಾಗಿಲಿನಿಂದ ಹೊರಟೇ ಹೋದ.

ಧ್ವನಿವರ್ಧಕ ಗೊರಗುಟ್ಟಿತು. "ಸ್ಪರ್ಧಿಯೊಬ್ಬರ ಜೊತೆ ತಮಗೆ ಸಂಬಂಧವಿದೆ ಎಂದು ತೀರ್ಪುಗಾರರು ತಿಳಿಸಿದ್ದಾರೆ. ಬದಲಿ ತೀರ್ಪುಗಾರರು ಬರುವವರೆಗೆ ದಯವಿಟ್ಟು ಕಾಯಿರಿ."

ಸಂಬಂಧ!

ಯಾರ ಜೊತೆ ಎಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅವನು ನೋಡಿದ್ದು ಯಾರನ್ನು ಎಂದು ಸಭಾಂಗಣವೇ ಕಂಡಿತ್ತು.

"ಓಹೋ... ಹೀಗೋ ಸಮಾಚಾರ?" ಮುಂದಿನ ಸಾಲಿನಿಂದ ಒಬ್ಬ ತಾಯಿಯ ದನಿ ಕೇಳಿತು.

"ಕಳೆದ ವರ್ಷದ ಪದಕಗಳು ಯಾವ ದಾರೀಲಿ ಬಂದ್ವು ಅಂತ ಈಗ ಗೊತ್ತಾಯ್ತು ನೋಡಿ," ಎಂದಳು ಇನ್ನೊಬ್ಬಳು, ಬಾಯ್ತುಂಬ ಚಿಪ್ಸ್ ಅಗಿಯುತ್ತ.

ರೋನಾಗೆ ಮೈಮೇಲೆ ಹುಳ ಹರಿದಂತಾಯಿತು. ನನ್ನನ್ನ ಒಂದು ಮಾತು ಕೇಳದೆ... ಊರೆದುರು! ಏನು ಸಂಬಂಧ? ಯಾವ ಸಂಬಂಧ? ಕೌಂಟರಿನ ಮೇಲೆ ಚಿಲ್ಲರೆ ಇಡುವಾಗಲೂ ನನ್ನ ಕೈ ತಾಕದವನು! ಥೂ... ಹೇಸಿಗೆ!

ಹೇಗೆ ಕುಣಿದಳೋ ಅವಳಿಗೇ ತಿಳಿಯದು. ಮೂರನೆಯ ಬಹುಮಾನ ಬಂತು. ಅದನ್ನು ತೆಗೆದುಕೊಳ್ಳಲು ಹೋದಾಗ ಚಪ್ಪಾಳೆ ತಟ್ಟಿದವರು ಕೆಲವರೇ.

ಮರುದಿನ ಬೆಳಿಗ್ಗೆ ಬುಕನ್ ಮೇಡಂ ಅವಳನ್ನು ನೃತ್ಯಶಾಲೆಗೆ ಕರೆಸಿದರು. ಕುರ್ಚಿ ತೋರಿಸಲಿಲ್ಲ.

"ಅವನ ಜೊತೆ ಮಾತಾಡಿದ್ದೀಯಾ?"

"ಬೇಕರೀಲಿ... ಬಟರಿ ತಗೊಳ್ಳೋಕೆ ಬರ್ತಿದ್ದ, ಮೇಡಂ. ವೇದಿಕೆ ಹತ್ರ ಅಲ್ಲ."

"ಏಳನೇ ನಿಯಮ ಸ್ಪರ್ಧೇಲಿ ಹಗ್ಗ ಕಟ್ಟಿದ ಜಾಗಕ್ಕೆ ಮಾತ್ರ ಅಂದ್ಕೊಂಡ್ಯಾ?" ಮೇಡಂ ಮುಖ ಸಿಂಡರಿಸಿದರು, ಹಾಲು ಒಡೆದದ್ದನ್ನು ಕಂಡಂತೆ. "ನಲವತ್ತು ವರ್ಷ ಈ ಶಾಲೆ ಹೆಸರಿಗೆ ಒಂದು ಕಲೆ ಬಿದ್ದಿರಲಿಲ್ಲ."

"ನಮ್ಮಿಬ್ಬರ ನಡುವೆ ಏನೂ ಇಲ್ಲ, ಮೇಡಂ!"

"ಹಾಗಾದ್ರೆ ಅವನೇ ಹೇಳಲಿ. ತಪ್ಪು ತಿಳ್ಕೊಂಡೆ, ಸಂಬಂಧ ಏನೂ ಇಲ್ಲ ಅಂತ ಸ್ಪರ್ಧೆ ನಡೆಸೋ ಮಂಡಳಿ ಮುಂದೆ ಹೇಳಲಿ. ಆ ಮಾತು ತಂದ್ರೆ ಮಕ್ಕಳ ತರಗತಿ ನಿನ್ನದು. ತರದಿದ್ರೆ ಯಾವ ತಾಯಿ ತನ್ನ ಮಗೂನ ನಿನ್ನ ಹತ್ರ ಬಿಡ್ತಾಳೆ?"

ರೋನಾ ನೇರವಾಗಿ ಅವನಿದ್ದಲ್ಲಿಗೆ ಹೋದಳು. ಕುರಿ ಈಯುವ ಕಾಲ. ಗುಡ್ಡದ ಬುಡದ ಕೊಟ್ಟಿಗೆಯಲ್ಲಿ ಡೂಗಲ್ ಹುಲ್ಲಿನ ಮೇಲೆ ಮಂಡಿಯೂರಿದ್ದ. ಮೊಣಕೈವರೆಗೆ ಅವನ ಕೈ ಕುರಿಯ ಒಳಗಿತ್ತು. ರಕ್ತ, ಲೋಳೆ, ಗಂಜಲ... ಅವಳು ಕೋಟಿನ ತೋಳನ್ನೇ ಮೂಗಿಗೆ ಒತ್ತಿಕೊಂಡಳು.

"ಸುಳ್ಳುಗಾರ! ದಕ್ಷಿಣದ ಕಡೆ ಮಾತ್ರ ಅಂದಿದ್ದೆ!"

"ಒಬ್ಬರಿಗೆ ಹುಷಾರಿರಲಿಲ್ಲ. ಬೆಳಿಗ್ಗೆ ಫೋನ್ ಮಾಡಿ ಕರೆದ್ರು. ನಮ್ಮ ಕೈಗೆ ಬರೋದು ನಂಬರ್ ಮಾತ್ರ, ಹೆಸರಲ್ಲ. ನೀನು ವೇದಿಕೆ ಹತ್ತೋವರೆಗೂ ನಂಗೆ ಗೊತ್ತಿರಲಿಲ್ಲ, ರೋನಾ. ಅದರ ತಲೆ ಸ್ವಲ್ಪ ಹಿಡ್ಕೋ, ಹೊರಳ್ತಿದೆ."

"ನಾನಾ? ಇದನ್ನಾ?"

"ಬೇಗ!"

ಅವಳು ಹಿಡಿದಳು. ಕುರಿಯ ಬಿಸಿ ಉಸಿರು ಅಂಗೈಗೆ ಬಡಿಯಿತು. ಜೊಲ್ಲು ಮಣಿಕಟ್ಟಿನವರೆಗೆ ಇಳಿಯಿತು.

"ಏನಂತ ಹೇಳ್ದೆ ಅವರಿಗೆ? ಏನು ಸಂಬಂಧ ಅಂತ? ಜನ ನನ್ನ ಬಗ್ಗೆ ಏನಂದ್ಕೊಂಡಿದ್ದಾರೆ ಗೊತ್ತಾ? ನಾನು ನಿನ್ನ ಜೊತೆ... ಛೀ! ಹೇಳೋಕೂ ನಾಲಿಗೆ ಬರಲ್ಲ."

ಡೂಗಲ್‌ನ ಮುಖ ಕೆಂಪಾಯಿತು. ಅಷ್ಟರಲ್ಲಿ ಮರಿ ಜಾರಿ ಹುಲ್ಲಿಗೆ ಬಿತ್ತು. ಹಳದಿ ಲೋಳೆ ಮುಚ್ಚಿಕೊಂಡ ಒಂದು ಮುದ್ದೆ. ಅದರ ಮೂತಿಯಿಂದ ಲೋಳೆಯನ್ನು ಅವನು ಬೆರಳಲ್ಲೇ ಬಳಿದು ತೆಗೆದ. ಮರಿ ಸೀನಿತು.

"ನೆಂಟರಾ ಅಂತ ಕೇಳಿದ್ರು. ಅಲ್ಲ ಅಂದೆ. ಶಿಷ್ಯೆಯಾ ಅಂದ್ರು. ಅಲ್ಲ ಅಂದೆ. ಮತ್ತೇನು ಅಂದ್ರು. ಅವಳು ಕಾಲು ತಪ್ಪಿದ್ರೆ ಅದನ್ನ ಬರೆಯೋಕೆ ನನ್ನ ಕೈ ಬರಲ್ಲ, ಅದಕ್ಕೆ ಏನು ಹೆಸರಿದೆಯೋ ಅದನ್ನ ಬರ್ಕೊಳ್ಳಿ ಅಂದೆ. ಅವರು 'ಸಂಬಂಧ' ಅಂತ ಬರ್ಕೊಂಡ್ರು."

ಕುರಿ ಮರಿಯನ್ನು ನೆಕ್ಕತೊಡಗಿತು.

"ಅದನ್ನ ವಾಪಸ್ ತಗೋ," ಎಂದಳು ರೋನಾ. ದನಿ ಅಷ್ಟು ಗಟ್ಟಿಯಾಗಿ ಬರಲಿಲ್ಲ. "ನಮ್ಮ ನಡುವೆ ಏನೂ ಇಲ್ಲ ಅಂತ ಮಂಡಳಿಗೆ ಹೇಳು. ಇಲ್ಲದಿದ್ರೆ ನನ್ನ ತರಗತಿ ಹೋಗುತ್ತೆ."

"ನಿನ್ನ ಕಡೆಯಿಂದ ಏನೂ ಇಲ್ಲ ಅಂತ ಹೇಳ್ತೀನಿ. ಬೇಕಾದ್ರೆ ಇವತ್ತೇ ಹೇಳ್ತೀನಿ. ಅದು ನಿಜ." ಅವನು ಅವಳತ್ತ ನೋಡಲಿಲ್ಲ. "ನನ್ನ ಕಡೆಯಿಂದಾನೂ ಇಲ್ಲ ಅನ್ನೋಕಾಗಲ್ಲ, ರೋನಾ. ಅದು ಸುಳ್ಳಾಗುತ್ತೆ. ಮೊದಲು ನಿಂಗೆ ಹೇಳ್ಬೇಕಿತ್ತು. ಧೈರ್ಯ ಬರಲಿಲ್ಲ. ನಾನು ಬಂದ್ರೆ ಮೂಗು ಮುಚ್ಕೊಳ್ಳೋಳು ನೀನು... ಏನಂತ ಹೇಳಲಿ?"

ಅವಳು ಕುರಿಯ ತಲೆ ಬಿಟ್ಟು ಎದ್ದು ಹೊರಗೆ ಬಂದಳು. ಕೈಯೆಲ್ಲ ಜೊಲ್ಲು. ಒರೆಸಿಕೊಳ್ಳಬೇಕೆಂದು ನೆನಪಾದದ್ದು ಅರ್ಧ ದಾರಿ ನಡೆದ ಮೇಲೆ.

ಅಸಹ್ಯ ಆಗಬೇಕಿತ್ತು. ಆಯಿತು ಕೂಡ. ಆದರೆ ಅವನ ಮೇಲಲ್ಲ. ಚಳಿಗಾಲವಿಡೀ ಬಾಗಿಲು ನೋಡುತ್ತ ಕಾದು, "ನಮ್ಮ ನಡುವೆ ಏನೂ ಇಲ್ಲ" ಎಂದು ಮೇಡಂ ಮುಂದೆ ಕಣ್ಣು ಮಿಟುಕಿಸದೆ ಹೇಳಿದವಳು ಯಾರು? ಮರ್ಯಾದೆ ಕಳೆದವನು ನಿಜ ಹೇಳಿದ್ದ. ಮರ್ಯಾದೆ ಉಳಿಸಿಕೊಳ್ಳಲು ಹೊರಟವಳು ಸುಳ್ಳು ಹೇಳಿದ್ದಳು.

ಥೂ, ರೋನಾ... ನಿನಗಿಷ್ಟು!

ನೃತ್ಯಶಾಲೆಯಲ್ಲಿ ಬುಕನ್ ಮೇಡಂ ಕತ್ತಿ ಕುಣಿತದ ಕತ್ತಿಗಳಿಗೆ ಎಣ್ಣೆ ಹಚ್ಚುತ್ತಿದ್ದರು.

"ಅವನ ಮಾತು ತಂದ್ಯಾ?"

"ಇಲ್ಲ ಮೇಡಂ. ನನ್ನ ಮಾತು ತಂದಿದ್ದೀನಿ. ಬೆಳಿಗ್ಗೆ ನಾನು ಹೇಳಿದ್ದು ಸುಳ್ಳು. ಅವನ ಕೈ ಕೂಡ ಹಿಡಿದಿಲ್ಲ. ಆದ್ರೆ ಅವನು ಬರೋ ಹೊತ್ತಿಗೆ ಕಾಯ್ತಿದ್ದೆ, ನಿಮ್ಮಿಂದ ಮುಚ್ಚಿಟ್ಟೆ. ಸಂಬಂಧ ಇದೆ. ಬರ್ಕೊಳ್ಳಿ."

ಮೇಡಂ ಅವಳ ಒದ್ದೆ ತೋಳನ್ನು ನೋಡಿದರು.

"ಎಂಥ ವಾಸನೆ ಹೊತ್ಕೊಂಡು ಬಂದಿದ್ದೀಯೇ!" ಎಂದರು ಮೂಗು ಹಿಂಡುತ್ತ. "ಮುಚ್ಚಿಟ್ಟವರಿಗೆ ಜಾಗವಿಲ್ಲ ಅಂತ ನಿಯಮ. ತಡವಾಗಿಯಾದ್ರೂ ಬಾಯಿಬಿಟ್ಟೆ, ಶಾಲೆ ಬಿಡಬೇಕಾಗಿಲ್ಲ. ಆದ್ರೆ ಮಕ್ಕಳ ತರಗತಿ ಈ ವರ್ಷ ನಿನಗಿಲ್ಲ. ಮುಂದಿನ ವರ್ಷದ್ದು ಮುಂದಿನ ವರ್ಷ ನೋಡೋಣ. ಹೋಗು, ಕೈ ತೊಳ್ಕೋ."

ಹೊರಗೆ ರಸ್ತೆಯಾಚೆ ಡೂಗಲ್‌ನ ಕೆಸರು ಮೆತ್ತಿದ ವ್ಯಾನು ನಿಂತಿತ್ತು. ಅವನು ಇಳಿದು ಓಡಿ ಬಂದ. ಬಟ್ಟೆ ಕೂಡ ಬದಲಿಸಿರಲಿಲ್ಲ.

"ಮೇಡಂ ಹತ್ರ ನಾನೇ ಮಾತಾಡ್ತೀನಿ. ನಿಂದೇನೂ ತಪ್ಪಿಲ್ಲ ಅಂತ..."

"ಬೇಡ. ನಾನು ಹೇಳಿ ಆಯ್ತು."

"ಏನಂತ?"

"ಎರಡೂ ಕಡೆಯಿಂದ ಇದೆ ಅಂತ."

ಡೂಗಲ್ ಅವಳನ್ನೂ ನೃತ್ಯಶಾಲೆಯ ಬಾಗಿಲನ್ನೂ ನೋಡಿದ.

"ತರಗತಿ...?" ಎಂದು ಕೇಳಿದ.

"ಹೋಯ್ತು. ಈ ವರ್ಷಕ್ಕೆ." ಕಣ್ಣು ತುಂಬಿ ಬಂದದ್ದನ್ನು ಅವಳು ಅಡಗಿಸಲಿಲ್ಲ. "ನಿಂದೂ ಹೋಯ್ತು, ಗೊತ್ತಲ್ಲ? ಇನ್ಮೇಲೆ ನಾನು ಕುಣಿಯೋ ಕಡೆ ನೀನು ಆ ಮೇಜಿನ ಹಿಂದೆ ಕೂರೋಕಾಗಲ್ಲ. ಮುಂದೆ ನನ್ನ ತರಗತಿ ಮಕ್ಕಳು ಕುಣಿಯೋ ಕಡೆನೂ."

"ಕೂರಲ್ಲ. ಜನರ ಮಧ್ಯೆ ನಿಂತು ನೋಡ್ತೀನಿ. ಆ ಮೇಜಿನ ಹಿಂದೆ ಕೂತ್ರೆ ಎಷ್ಟು ಚೆನ್ನಾಗಿ ಕುಣಿದ್ರೂ ಚಪ್ಪಾಳೆ ತಟ್ಟೋ ಹಾಗಿಲ್ಲ."

"ಕಾಲು ತಪ್ಪಿದ್ರೆ?"

"ಆಗ ಇನ್ನೂ ಜೋರಾಗಿ ತಟ್ತೀನಿ."

"ಹಾಗೆ ಮಾಡಿದ್ರೆ ಸಾಯಿಸ್ತೀನಿ ನಿನ್ನ!"

"ಸಾಯಿಸು," ಎಂದ ಡೂಗಲ್. ಅವಳತ್ತ ಚಾಚಿದ ಕೈಯನ್ನು ನಡುವೆಯೇ ನಿಲ್ಲಿಸಿ, ನಾಚಿ, ಅಂಗಿಗೆ ಒರೆಸಿಕೊಳ್ಳತೊಡಗಿದ. "ತಡಿ... ತೊಳ್ಕೊಂಡು ಬರ್ತೀನಿ."

"ಅಸಹ್ಯ ಆಗಿದೆ," ಎಂದಳು ರೋನಾ. ಎಂದವಳೇ ಆ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದುಕೊಂಡಳು. "ಆಮೇಲೆ ಇಬ್ಬರೂ ಒಟ್ಟಿಗೆ ತೊಳ್ಕೊಳ್ಳೋಣ."