ಮಸಿಯೊಳಗಿನ ಪ್ಲಾಟಿನಂ

"ಅಲುಗಾಡಿದ್ರ ಗುಂಡು!"

ಭುಜಂಗನ ಪಿಸ್ತೂಲು ನನ್ನ ಕಿವಿಗೆ ಒತ್ತಿತ್ತು.

ಪುಣೆ ಹತ್ತಿರದ ದೌಂಡ ರೈಲ್ವೆ ಕ್ವಾರ್ಟರ್ಸಿನ ಇಕ್ಕಟ್ಟಾದ ಅಡುಗೆಮನೆ. ಎದುರಿಗೆ ಸುಮಂಗಲಾ. ಕಪ್ಪು ಪುಡಿಯ ಬಾಟ್ಲಿಯನ್ನು ಎದೆಗೆ ಅವುಚಿಕೊಂಡಿದ್ದಾಳೆ. ಸ್ಟೋವಿನ ಹತ್ತಿರ ಅವಳ ಸೋದರತ್ತೆ ಯಮನವ್ವ.

ನಾನು ದೇವಾನಂದ. ಪುಣೆಯಲ್ಲಿ ಪ್ರೈವೇಟ್ ಡಿಟೆಕ್ಟಿವ್. ರಾಂಜಣಗಾಂವದ ಹೈಡ್ರೋಜನ್ ಕಂಪನಿ ಮಾಲೀಕ ಬಾಳಕೃಷ್ಣ ನನ್ನನ್ನು ಕರೆಸಿ, "ನಮ್ಮ ಸೈಂಟಿಸ್ಟ್ ಸುಮಂಗಲಾ ಕಳವು ಮಾಡಿ ಓಡ್ಯಾಳ, ಹುಡುಕಿಕೊಡ್ರಿ" ಅಂದಿದ್ದ. ಹುಡುಕಿದೆ. ಅವನ ಗೂಂಡಾ ಈ ಭುಜಂಗ ನನ್ನ ಬೆನ್ನು ಹಿಡಿದೇ ಬಂದಿದ್ದ!

ಥೂ!

"ನಾ ಕಳ್ಳಿ ಅಲ್ರೀ!" ಸುಮಂಗಲಾ ಚೀರಿದಳು. "ನೀರಿನಿಂದ ಹೈಡ್ರೋಜನ್ ತೆಗೀಲಿಕ್ಕೆ ದುಬಾರಿ ಪ್ಲಾಟಿನಂ ಬೇಡ, ನಮ್ಮ ಅಗ್ಗದ ಕಾರ್ಬನ್ ನ್ಯಾನೋಟ್ಯೂಬ್ ಪುಡಿ ಸಾಕು ಅಂತ ಊರೆಲ್ಲಾ ಸಾರ್ಯಾರ. ಸುಳ್ಳು! ಪುಡಿಯೊಳಗ ಗುಟ್ಟಾಗಿ ಪ್ಲಾಟಿನಂ ಬೆರೆಸ್ಯಾರ. ಕೆಲಸ ಮಾಡೋದು ಆ ಪ್ಲಾಟಿನಂ... ನಾನೇ ಟೆಸ್ಟ್ ಮಾಡೀನಿ!"

"ಬಾಟ್ಲಿ ಕೊಡು!" ಭುಜಂಗ ಗುಡುಗಿದ.

ಕೊಟ್ಟವಳು ಯಮನವ್ವ. ಕುದಿಯೋ ಚಹಾ... ನೇರ ಮುಖಕ್ಕೆ!

ಪಿಸ್ತೂಲು ಉರುಳಿತು. ಒಂದು ಒದೆ ಕೊಟ್ಟೆ. ಭುಜಂಗ ಪಾತ್ರೆಗಳ ಮೇಲೆ ಬಿದ್ದ.

"ಓಡ್ರಿ!" ಯಮನವ್ವ ಕೂಗಿದಳು.

ಬೈಕ್ ಕಿಕ್ ಹೊಡೆದೆ. ಸುಮಂಗಲಾ ಹಿಂದೆ ಹಾರಿ ಕೂತಳು.

"ಎಲ್ಲಿಗೆ?"

"ಫ್ಯಾಕ್ಟರಿಗೇ! ಇವತ್ತು ಡೆಮೋ ಅದ. ದುಡ್ಡು ಹಾಕೋರ ಎದುರಿಗೇ ಹೇಳ್ತೀನಿ."

"ತಲಿ ಕೆಟ್ಟದೇನ್ರೀ?"

"ಹೌದ್ರಿ. ಭಾಳ ಕೆಟ್ಟದ."

ಶಿರೂರು ರಸ್ತೆ. ಹಿಂದೆ ಭುಜಂಗನ ಜೀಪು! ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರ್. ಎದುರಿಂದ ಬಸ್ಸು. ನಡುವಿನ ಸಂದಿಯಲ್ಲಿ ಬೈಕ್ ನುಗ್ಗಿಸಿದೆ... ಕಣ್ಣು ಮುಚ್ಚಿಕೊಂಡೇ! ಜೀಪು ಸೀದಾ ಕಬ್ಬಿನೊಳಗೆ ಹೊಕ್ಕಿತು.

ಡೆಮೋ ಹಾಲಿಗೆ ನುಗ್ಗಿದೆವು. ಗಾಜಿನ ತೊಟ್ಟಿಯಲ್ಲಿ ಗುಳ್ಳೆ ಏಳುತ್ತಿತ್ತು. ಮುಂದಿನ ಸಾಲಿನಲ್ಲಿ ಕಂಪನಿಗೆ ದುಡ್ಡು ಹಾಕಿದ ಮುಂಬಯಿಯ ಫಂಡ್‌ವಾಲಾ, ಪಕ್ಕದಲ್ಲಿ ಬಂದೋಬಸ್ತಿನ ಇನ್‌ಸ್ಪೆಕ್ಟರ್.

"ಹಿಡೀರಿ ಅವಳನ್ನ! ನಮ್ಮ ಮಾಲು ಕದ್ದಾಳ!" ಬಾಳಕೃಷ್ಣ ಕೂಗಿದ.

ಇನ್‌ಸ್ಪೆಕ್ಟರ್ ಅವಳ ಕೈಯ ಬಾಟ್ಲಿ ಎತ್ತಿ ನೋಡಿದ. "ಮಸಿ ಕದ್ದಿದ್ದಕ್ಕೆ ಅರೆಸ್ಟೇ?"

"ಮಸಿ ಅಲ್ಲ ಮಾರಾಯಾ! ಅದರಾಗ ಪ್ಲಾಟಿನಂ ಅದ!" ಬಾಳಕೃಷ್ಣ ಬಾಯಿಬಿಟ್ಟ.

ಎಲ್ಲರೂ ಅವನ ಕಡೆ ತಿರುಗಿದರು!

ಸುಮಂಗಲಾ ನಕ್ಕಳು. ನಾನೂ ನಕ್ಕೆ. ಮುಗೀತು ಇವನ ಕತೆ ಅಂದುಕೊಂಡೆ.

ಫಂಡ್‌ವಾಲಾ ಎದ್ದ. ಬಾಗಿಲು ಮುಚ್ಚಿದ. ತಣ್ಣಗೆ ಅಂದ: "ನಮ್ಮ ಷೇರು ಮಾರಿ ಮುಗಿಸೋವರೆಗೂ ಅದು ಮಸೀನೇ. ಎಲ್ಲರಿಗೂ ತಿಳೀತಾ?"

ಎಲ್ಲರೂ ತಲೆಯಾಡಿಸಿದರು. ಓದಿದವರು, ಸೂಟು ಹಾಕಿದವರು!

ಇನ್‌ಸ್ಪೆಕ್ಟರ್ ಆಕಳಿಸಿದ. "ಮಸಿ ಅಂದ್ಮೇಲೆ ಕೇಸಿಲ್ಲ. ಮೇಡಂ, ಬಾಟ್ಲಿ ತಗೊಂಡು ನಡೀರಿ."

ಯಾರೂ ತಡೆಯಲಿಲ್ಲ. ತಡೆದರೆ ಅದು ಮಸಿ ಅಲ್ಲ ಅಂತ ಒಪ್ಪಿಕೊಂಡ ಹಾಗೆ!

ಬಾಟ್ಲಿ ಬೇರೆ ಲ್ಯಾಬಿಗೆ ಹೋಯ್ತು. ರಿಪೋರ್ಟು ಪೇಪರಿನಲ್ಲಿ ಬಂತು. ಬಾಳಕೃಷ್ಣ ಜೈಲಿಗೆ ಹೋದ. ಸುಮಂಗಲಾಗೆ ಮಾತ್ರ ಯಾವ ಕಂಪನಿಯೂ ಕೆಲಸ ಕೊಡಲಿಲ್ಲ. ಈಗ ಧಾರವಾಡದಲ್ಲಿ ಪಾಠ ಹೇಳ್ತಾಳೆ.

ಫಂಡ್‌ವಾಲಾ? ಪೇಪರ್ ಬರೋ ಮೊದಲೇ ಎಲ್ಲಾ ಮಾರಿ ಕೈ ತೊಳೆದುಕೊಂಡಿದ್ದ. ಮೊನ್ನೆ ಇಲ್ಲೇ ಪುಣೆಯಲ್ಲಿ ಅವನಿಗೆ ಸನ್ಮಾನ... ಪರಿಸರ ಸೇವೆಗಂತೆ! ಹಾರ ಹಾಕೋಕೆ ನನ್ನನ್ನೂ ಕರೆದಿದ್ರು.

ಹೋಗಲಿಲ್ಲ. ಹೂವಿನ ಮೇಲೆ ಕನಿಕರ ಬಂತು!